ಆರ್ಕ್ಟಿಕ್ ಬೆಟ್ಟಕ್ಕೆ ವಾರಗಿತ್ತಿಯರ ಅರ್ಜಿ

ಕಳೆದ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದ ಹೆಂಗಸೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ನನ್ನ ಬೆನ್ನಿನ ಬ್ಯಾಗಿನಲ್ಲಿ ಎಂಟು ಕೆಜಿ ಅಕ್ಕಿ. ಹಿಂದೆ ಬರುತ್ತಿದ್ದ ವಿಮಲಾಳ ಬ್ಯಾಗಿನಲ್ಲೂ ಅಷ್ಟೇ. ಜಿಪ್ ಅರ್ಧ ತೆರೆದು ಅಕ್ಕಿ ಚೀಲ ಇಣುಕುತ್ತಿತ್ತು.

"ಅಕ್ಕಿ ಹೊತ್ಕೊಂಡ್ ಹತ್ತೋದು ಯಾವ ಹರಕೆ ಕಣಮ್ಮ?" ಎಂದು ಕೇಳಿದರು.

"ಹರಕೆ ಅಲ್ಲ ಕಣ್ರೀ. ವಾಪಸ್ ಮನೆಗೇ ತಗೊಂಡು ಹೋಗ್ತೀವಿ," ಎಂದೆ.

ಆಕೆ ನನ್ನನ್ನು ಕನಿಕರದಿಂದ ನೋಡಿದರು. ಪೂರ್ತಿ ನಿಜ ಹೇಳಿದ್ದರೆ ಇನ್ನೂ ಕನಿಕರ ಪಡುತ್ತಿದ್ದರೇನೋ.

ನಿಜ ಏನೆಂದರೆ, ಬರುವ ಏಪ್ರಿಲ್‌ನಲ್ಲಿ ನಾವಿಬ್ಬರೂ ನಾರ್ವೆ ದೇಶದ ಉತ್ತರದ ತುದಿಗೆ, ಆರ್ಕ್ಟಿಕ್ ಬೆಟ್ಟಗಳಿಗೆ ಸ್ಕೀ ಟೂರಿಂಗ್ ಹೊರಟಿದ್ದೇವೆ. ನನಗೆ ಐವತ್ತೆರಡು, ಲಕ್ಷ್ಮೀಪುರಂನಲ್ಲಿ ಕನ್ನಡಕದ ಅಂಗಡಿ. ವಿಮಲಾಗೆ ನಲವತ್ತೆಂಟು, ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಮೈದುನನ ಹೆಂಡತಿ, ಅಂದರೆ ವಾರಗಿತ್ತಿ. ರಾಮಕೃಷ್ಣನಗರದ ಒಂದೇ ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. (ಹೌದು, ವಾರಗಿತ್ತಿಯರು ಜೊತೆಯಾಗಿ ಪ್ರವಾಸ ಹೋಗುವುದುಂಟು. ನೀವು ಸೀರಿಯಲ್ ನೋಡುವುದನ್ನು ಸ್ವಲ್ಪ ಕಡಿಮೆ ಮಾಡಿ.)

ಎರಡು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಬಿದ್ದು ಎದ್ದು ಸ್ಕೀಯಿಂಗ್ ಕಲಿತಿದ್ದೇವೆ. ಆದರೆ ಇದು ಬೇರೆ. ಇಲ್ಲಿ ಮೇಲಕ್ಕೆ ಎಳೆದೊಯ್ಯುವ ಕೇಬಲ್ ಕಾರ್ ಇಲ್ಲ. ಸ್ಕೀ ಹಲಗೆಯ ತಳಕ್ಕೆ ಹಿಂದೆ ಜಾರದಂಥ ಒರಟು ಪಟ್ಟಿ ಅಂಟಿಸಿಕೊಂಡು, ಬೆನ್ನಿಗೆ ಬ್ಯಾಗ್ ಹೊತ್ತು ಬೆಳಿಗ್ಗೆಯೆಲ್ಲ ನಮ್ಮ ಕಾಲಲ್ಲೇ ಹತ್ತಬೇಕು. (ಆ ಅಕ್ಕಿ ಇದರ ಅಭ್ಯಾಸಕ್ಕೆ.) ಆಮೇಲೆ ಪಟ್ಟಿ ಕಿತ್ತು, ಅರ್ಧ ಗಂಟೆಯಲ್ಲಿ ಜಾರಿ ಇಳಿದುಬಿಡಬೇಕು. ಸುತ್ತ ಊರಿಲ್ಲ, ರಸ್ತೆಯಿಲ್ಲ. ಹಾಗಾಗಿ ಗೈಡ್ ಬೇಕೇ ಬೇಕು.

ನಮ್ಮ ಗೈಡ್ ಹೆಸರು ಇಂಗ್ರಿಡ್. ಆಕೆ ಮೊದಲು ಕಳಿಸಿದ್ದು ನಾಲ್ಕು ಪುಟದ ಒಂದು ಫಾರಂ. ಹಳೆಯ ಪೆಟ್ಟು ಇದೆಯಾ? ಎತ್ತರದ ಭಯ ಇದೆಯಾ? ಸತತ ಐದು ಗಂಟೆ ಹತ್ತಬಲ್ಲಿರಾ? ಕಾಯಿಲೆ, ಔಷಧಿ, ಅಲರ್ಜಿ?

ಕಾಫಿ ಆರುವುದರೊಳಗೆ ಇಬ್ಬರೂ ತುಂಬಿ ಮುಗಿಸಿದೆವು. ಇಲ್ಲ, ಇಲ್ಲ, ಹೌದು, ಇಲ್ಲ. ಯೋಚನೆ ಮಾಡುವುದಕ್ಕೆ ಅದರಲ್ಲೇನಿದೆ? ಸ್ಕೂಲ್ ಅಡ್ಮಿಷನ್ನಿನಿಂದ ಕೆಲಸದ ಮೆಡಿಕಲ್‌ವರೆಗೆ ನಾವು ಫಾರಂ ತುಂಬುವುದೇ ಹೀಗೆ. ಫಾರಂ ಇರುವುದು ಪಾಸಾಗುವುದಕ್ಕೆ. ಹೆಣ್ಣು ನೋಡಲು ಬಂದವರೆದುರು ಕೂತು "ನನಗೆ ಆಗಾಗ ಮಂಡಿ ನೋವು ಬರುತ್ತೆ" ಎಂದ ಹುಡುಗಿಯನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ವಾರ ಕಳೆದು ಇಂಗ್ರಿಡ್ ವಿಡಿಯೋ ಕಾಲ್ ಮಾಡಿದಳು. ಇಬ್ಬರೂ ಒಳ್ಳೆಯ ಸೀರೆಯುಟ್ಟು ಕೂತಿದ್ದೆವು. (ಯಾಕೆ ಎಂದು ಕೇಳಬೇಡಿ.) ಇಂಗ್ಲಿಷಿನಲ್ಲಿ ಆಕೆ ಹೇಳಿದ್ದರ ಸಾರಾಂಶ ಇಷ್ಟು: ನಿಮ್ಮಿಬ್ಬರ ಫಾರಂ ತುಂಬಾ ಚೆನ್ನಾಗಿದೆ, ನನಗೆ ಚಿಂತೆಯಾಗಿರುವುದೇ ಅದಕ್ಕೆ. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಬೆಟ್ಟದ ಮೇಲೆ ನಿಮಗೆ ಆಗುತ್ತಿಲ್ಲ ಅನ್ನಿಸಿದರೆ ಏನು ಮಾಡುತ್ತೀರಿ?

"ನೀವು ಚಿಂತೆ ಮಾಡಬೇಡಿ. ನಾವು ಹೇಗಾದರೂ ಅಡ್ಜಸ್ಟ್ ಮಾಡಿಕೊಂಡು ನಿಮ್ಮ ಹಿಂದೆ ಬರುತ್ತೇವೆ," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಇಂಗ್ರಿಡ್ ಮುಖದಲ್ಲಿ ನಗು ಇರಲಿಲ್ಲ. ಬಿಸಿಲು ಏರಿದ ಮೇಲೆ ಇಳಿಜಾರಿನ ಹಿಮ ಸಡಿಲವಾಗುತ್ತದೆ, ಅಷ್ಟರೊಳಗೆ ಎಲ್ಲರೂ ಕೆಳಗಿರಬೇಕು ಎಂದಳು. ಒಬ್ಬರು ನೋವು ಮುಚ್ಚಿಟ್ಟು ನಿಧಾನವಾದರೆ ಗುಂಪಿನ ಆರೂ ಜನ ತಡವಾಗಿ ಇಳಿಯುತ್ತಾರೆ, ಹಿಮ ಕುಸಿದರೆ ಆರೂ ಜನ ಅದರಡಿ ಇರುತ್ತಾರೆ. ಅಡ್ಜಸ್ಟ್ ಮಾಡಿಕೊಳ್ಳುವವರನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಇನ್ನೊಮ್ಮೆ ಫಾರಂ ತುಂಬಿ, ನೋಡಿ ಹೇಳುತ್ತೇನೆ ಎಂದಳು.

ಕಾಲ್ ಕಟ್ಟಾದ ಮೇಲೆ ನನಗೆ ಮೈಯೆಲ್ಲ ಉರಿಯಿತು. "ಏನ್ ಜಂಬ ನೋಡೇ ಇವಳಿಗೆ," ಎಂದೆ. ವಿಮಲಾ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಗೊತ್ತಾದದ್ದು ಭಾನುವಾರ, ಬೆಟ್ಟ ಇಳಿಯುವಾಗ. ವಿಮಲಾ ಹತ್ತುವಾಗಲೇ ಹಿಂದೆ ಬಿದ್ದಿದ್ದಳು. "ಏನಾಯ್ತೇ?" ಎಂದು ಎರಡು ಸಲ ಕೇಳಿದ್ದೆ. ಎರಡು ಸಲವೂ "ಏನಿಲ್ಲ ಅಕ್ಕ, ನೀವು ನಡೀರಿ" ಎಂದಿದ್ದಳು. ಇಳಿಯುವಾಗ ನಂದಿ ದಾಟಿದ ಮೇಲೆ ತಿರುಗಿ ನೋಡುತ್ತೇನೆ, ಅಡ್ಡಡ್ಡ ತಿರುಗಿಕೊಂಡು, ಒಂದೇ ಕಾಲನ್ನು ಮುಂದಿಟ್ಟು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾಳೆ. ಮುಖ ಬಿಳಿಚಿಕೊಂಡಿತ್ತು.

ಕೂರಿಸಿ ಕೇಳಿದೆ. "ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ಈ ಮಂಡಿ ನೋವು. ಗುಲ್ಮಾರ್ಗಲ್ಲಿ ಮೊದಲ್ನೇ ಸಲ ಬಿದ್ನಲ್ಲ, ಆಗಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಒಬ್ರೇ ಹೋಗ್ತಿದ್ರಾ? ಇಲ್ಲ. ನನ್ನಿಂದ ನಿಮ್ಮ ಟ್ರಿಪ್ ಯಾಕೆ ಹಾಳಾಗ್ಬೇಕು ಅಂತ ಸುಮ್ನಿದ್ಬುಟ್ಟೆ."

ನನಗೆ ಕೆಟ್ಟ ಕೋಪ ಬಂತು. ಕುಸಿಯುವ ಹಿಮದ ಕೆಳಗೆ ಹೀಗೆ ಅಡ್ಡಡ್ಡ ಇಳಿಯುತ್ತಿದ್ದರೆ ಏನು ಗತಿ? ಬಯ್ಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನದೇ ಫಾರಂ ಕಣ್ಣ ಮುಂದೆ ಬಂತು. ಎತ್ತರದ ಭಯ ಇದೆಯಾ? ಇಲ್ಲ ಎಂದು ಬರೆದಿದ್ದೆ. ಕಡಿದಾದ ಇಳಿಜಾರನ್ನು ಅಡ್ಡ ದಾಟುವಾಗ ನನ್ನ ಕಾಲು ಗಡಗಡ ನಡುಗುತ್ತದೆ, ಗುಲ್ಮಾರ್ಗ್‌ನಲ್ಲಿ ಒಮ್ಮೆ ಹತ್ತು ನಿಮಿಷ ಅಲ್ಲಾಡದೆ ನಿಂತುಬಿಟ್ಟಿದ್ದೆ, ಕೇಳಿದವರಿಗೆ ಫೋಟೋ ತೆಗೆಯುತ್ತಿದ್ದೇನೆ ಎಂದಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವಳಿಗೆ ಅದನ್ನೂ ಹೇಳಿಬಿಟ್ಟೆ.

ವಿಮಲಾ ನಕ್ಕಳು. "ನನಗೆ ಗೊತ್ತಿತ್ತು ಕಣಕ್ಕ. ಕ್ಯಾಮೆರಾ ನನ್ ಹತ್ರ ಇತ್ತು."

ಅವತ್ತು ಸಂಜೆ ಫಾರಂ ತುಂಬಲು ಒಂದೂವರೆ ಗಂಟೆ ಹಿಡಿಯಿತು. ಆಗುವುದಿಲ್ಲ ಎಂದು ಬರೆಯುವುದು ಎಷ್ಟು ಕಷ್ಟ ಗೊತ್ತಾ? ಮೊದಲ ಸಾಲಿಗೆ ನಾಚಿಕೆ. ಎರಡನೆಯದಕ್ಕೆ ಭಯ, ಎಲ್ಲಿ ಬೇಡ ಎಂದುಬಿಡುತ್ತಾಳೋ ಎಂದು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮಾತ್ರ ಏನೋ ಹಗುರ ಅನ್ನಿಸಿತು. ಕಳಿಸಿದೆವು. ಎರಡು ದಿನ ಇಬ್ಬರೂ ಫೋನ್ ಕೆಳಗಿಡಲಿಲ್ಲ.

ಉತ್ತರ ಬಂತು. ಅದರ ಮೊದಲ ಭಾಗದಲ್ಲಿ ಇಂಗ್ರಿಡ್ ತನ್ನದೇ ಪಟ್ಟಿ ಬರೆದಿದ್ದಳು. ಎಡ ಭುಜ ಎರಡು ಸಲ ಕೀಲು ತಪ್ಪಿದೆ. ಮೋಡ ಮುಸುಕಿದ ದಿನ ಹಿಮದ ಏರುತಗ್ಗು ಸರಿಯಾಗಿ ಕಾಣುವುದಿಲ್ಲ, ಅಂಥ ದಿನ ಹೊರಡುವುದಿಲ್ಲ. (ದಿನಾ ಕಣ್ಣಿನ ಪವರ್ ನೋಡುವವಳು ನಾನು. ಕಾಣುವುದಿಲ್ಲ ಎಂದು ಇಷ್ಟು ಸಲೀಸಾಗಿ ಒಪ್ಪಿಕೊಂಡ ಒಬ್ಬ ಗಿರಾಕಿಯನ್ನೂ ನಾನು ನೋಡಿಲ್ಲ.) ಕೆಳಗೆ ನಮ್ಮ ಹೊಸ ಪ್ಲಾನ್. ಮೊದಲು ಹತ್ತಬೇಕೆಂದಿದ್ದ ಸಮುದ್ರದ ಪಕ್ಕದ ಎತ್ತರದ ಶಿಖರವನ್ನು ಕೈಬಿಟ್ಟಿದ್ದಳು. ಹತ್ತುವುದು ಐದರ ಬದಲು ಮೂರು ಗಂಟೆ. ಕಡಿದಾದ ಅಡ್ಡದಾರಿ ಇಲ್ಲ. ಡಾಕ್ಟರ್ ಸರಿ ಎಂದರೆ ವಿಮಲಾಳ ಸೀಟೂ ಖಾತ್ರಿ.

ಡಾಕ್ಟರ್ ನೋಡಿದ್ದಾರೆ. ಲಿಗಮೆಂಟಿನ ಹಳೆಯ ಪೆಟ್ಟು. ಮೂರು ತಿಂಗಳು ತಪ್ಪದೆ ವ್ಯಾಯಾಮ ಮಾಡಿದರೆ ಏಪ್ರಿಲ್‌ಗೆ ಹೋಗಬಹುದಂತೆ. ಸದ್ಯ ಅವಳು ಅಕ್ಕಿ ಹೊರದೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾಳೆ. ನಾವು ಹೋಗಿಯೇ ಹೋಗುತ್ತೇವೆ. ಶಿಖರ ತಪ್ಪಿದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ, ಈ ಸಲ ನನ್ನ ಜೊತೆ ಬರುತ್ತಿರುವವಳ ಕಾಲು ಹೇಗಿದೆ ಎಂದು ನನಗೆ ಗೊತ್ತು.

ಆದರೆ ನಿನ್ನೆ ಇನ್ನೊಂದು ನಡೆಯಿತು. ವಿಮಲಾಳ ಗಂಡ ಸುರೇಶ, ಅಂದರೆ ನನ್ನ ಮೈದುನ, ಡಾಕ್ಟರ ಚೀಟಿಯ ಜೊತೆ ಪಿನ್ ಮಾಡಿದ್ದ ಫಾರಂ ಪ್ರತಿಯನ್ನು ಓದಿದ. ಪಾಪ, ಒಳ್ಳೆಯವನು. ನಿಜವಾಗಿಯೂ ನೊಂದುಕೊಂಡ.

"ಎರಡು ವರ್ಷದಿಂದ ನೋವಾ? ಅಷ್ಟು ದೂರದ ನಾರ್ವೆಯವಳಿಗೆ ಹೇಳಿದ್ದೀಯ. ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ವಿಮಲಾ ಮಂಡಿಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುತ್ತಾ ಕೇಳಿದಳು, "ಒಂದು ಮಾತು ಕೇಳ್ಬಾರ್ದಿತ್ತಾ?"