ಚೊಂಬು ಹಿಡಿದ ಕೈ

ಹಿರೇಕೊಡಿಗೆಯ ದಿವ್ಯ ಕೊಪ್ಪದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ೨೦೦೭ರಲ್ಲಿ ಒಂದು ಸಂಸ್ಥೆ, ಮಾನವ ಹಕ್ಕುಗಳ ಬಗ್ಗೆ ಅರಿವು ಮೂಡಿಸುವ ವಿಡಿಯೋ ಗೇಮ್ ಮಾಡಿ ಕಳಿಸಿ ಎಂದು ಸ್ಪರ್ಧೆ ಇಟ್ಟಿತು. ವಿಷಯಕ್ಕಾಗಿ ಅವಳು ದೂರ ಹೋಗಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ ಅವರ ಗದ್ದೆ ಕೆಲಸಕ್ಕೆ ಬರುತ್ತಿದ್ದ ಭೈರಮ್ಮ ಆ ಮನೆಯ ಲೋಟ ಮುಟ್ಟುವ ಹಾಗಿರಲಿಲ್ಲ. ಹಿತ್ತಿಲಲ್ಲಿ ಬಗ್ಗಿ ಬೊಗಸೆ ಒಡ್ಡಬೇಕು. ದಿವ್ಯಳ ತಾಯಿ ಯಮುನಮ್ಮ ಮೇಲಿನಿಂದ ಚೊಂಬು ಬಗ್ಗಿಸಿ ನೀರು ಹೊಯ್ಯುತ್ತಿದ್ದರು. ಮಗಳು ಜಗಳಕ್ಕೆ ನಿಂತರೆ, "ದೇವರ ತೀರ್ಥನೂ ಅಂಗೈಯಲ್ಲೇ ತಗಳ್ಳದು. ಅದರಲ್ಲಿ ಎಂತ ಅವಮಾನ ಮಾರಾಯ್ತಿ?" ಎನ್ನುತ್ತಿದ್ದರು.

ಆಟ ನೋಡಿದರೆ ಅಮ್ಮನ ಮನಸ್ಸು ಕರಗೀತು ಎಂದು ದಿವ್ಯ ನಂಬಿದಳು. "ದೀಪಾವಳಿಗೆ ನಿಂಗೆ ಲೋಟದಲ್ಲೇ ನೀರು, ನೋಡ್ತಿರು" ಎಂದು ಭೈರಮ್ಮನಿಗೆ ಮಾತು ಕೊಟ್ಟಳು.

ನಾಲ್ಕು ತಿಂಗಳು ದುಡಿದಳು. ಭೈರಮ್ಮನ ಹಸಿರು ಸೀರೆ, ಸೊಟ್ಟ ಮೊಣಕಾಲು ಎಲ್ಲ ಪರದೆಯ ಮೇಲೆ ಬಂದವು. ಕೀ ಒತ್ತಿದರೆ ಚೊಂಬು ಬಾಗುತ್ತದೆ. ನೀರು ಬೊಗಸೆಗೆ ಬಿದ್ದರೆ ಅಂಕ. ತಪ್ಪಿದರೆ ಹೆಂಗಸು ಒದ್ದೆಯಾಗಿ ತಲೆ ತಗ್ಗಿಸುತ್ತಾಳೆ. ಅಲ್ಲಿ ಆಡುವವರಿಗೆ ಮರುಕ ಹುಟ್ಟಬೇಕಿತ್ತು.

ಕಳಿಸುವ ಹಿಂದಿನ ದಿನ ಕಂಪ್ಯೂಟರನ್ನು ಜಗಲಿಗೆ ತಂದಿಟ್ಟಳು. ಭೈರಮ್ಮ ಅಂಗಳದಲ್ಲೇ ನಿಂತು ನೋಡಿದಳು. ದಿವ್ಯಳ ಅಣ್ಣನ ಪುಟ್ಟ ಮಗಳು ಮೇಘನ ಎರಡು ಸಲ ಸರಿಯಾಗಿ ಹೊಯ್ದಳು. ಮೂರನೆಯ ಸಲ ತಪ್ಪಿತು, ಗೊಂಬೆ ತೊಯ್ದು ನಡುಗಿತು. ಆಮೇಲೆ ಅವಳು ಬೇಕೆಂದೇ ತಪ್ಪಿಸತೊಡಗಿದಳು. ಯಮುನಮ್ಮ ಕನ್ನಡಕ ಹಾಕಿಕೊಂಡು ಬಂದು, ಥೇಟ್ ನಮ್ಮ ಭೈರಮ್ಮನೇ ಎಂದು ನಕ್ಕು, ತಾವೂ ಒಂದು ಕೈ ಆಡಿದರು. ಸಾಕು ನಿಲ್ಲಿಸಿ ಎಂದು ದಿವ್ಯ ಹೇಳಿದ್ದು ಯಾರಿಗೂ ಕೇಳಲಿಲ್ಲ.

"ಕುಡಿಯೋಳು ಎಂತ ಒತ್ತಬೇಕು, ದಿವ್ಯಮ್ಮ?" ಎಂದು ಭೈರಮ್ಮ ಕೇಳಿದಳು.

ಕುಡಿಯುವವಳಿಗೆ ಯಾವ ಕೀಯೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ದಿವ್ಯಳಿಗೆ ಅದು ಹೊಳೆದಿರಲೇ ಇಲ್ಲ. ಬುದ್ಧಿ ಬಂದಾಗಿನಿಂದ ಅವಳು ಆ ನೀರನ್ನು ನೋಡಿದ್ದು ಚೊಂಬಿನ ಕಡೆಯಿಂದ ಮಾತ್ರ.

ಮರುದಿನ ಮಧ್ಯಾಹ್ನ ಭೈರಮ್ಮ ಬಾಯಾರಿ ಹಿತ್ತಿಲಿಗೆ ಬಂದಾಗ ಮೇಘನ ಅಜ್ಜಿಯ ಕೈಯಿಂದ ಚೊಂಬು ಕಿತ್ತುಕೊಂಡು ಮೆಟ್ಟಿಲ ಮೇಲೆ ನಿಂತಳು. ನೀರು ಕುತ್ತಿಗೆಗೆ ಬಿತ್ತು, ರವಿಕೆಗೆ ಬಿತ್ತು. "ಬೊಗಸೆ ಅಲ್ಲಾಡಿಸ್ಬೇಡ, ಇನ್ನೊಂದ್ಸಲ" ಎಂದಳು ಮಗು. ಯಮುನಮ್ಮ ನಗುತ್ತ ಇನ್ನೊಂದು ಚೊಂಬು ತುಂಬಿಕೊಟ್ಟರು. ದಿವ್ಯ ಬಾಗಿಲಲ್ಲಿದ್ದಳು, ಕೈಯಲ್ಲಿ ಆಟದ ಸಿ.ಡಿ. ಅಂದೇ ಕಡೆಯ ದಿನ, ಬಸ್ಸಿನ ಹೊತ್ತಾಗಿತ್ತು. ಅವಳು ಹೋದಳು.

ಆಟಕ್ಕೆ ಎರಡನೆಯ ಬಹುಮಾನ ಬಂತು. ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ನಡುಮನೆಯ ಗೋಡೆಯೇರಿತು. ನಡುಮನೆಗೆ ಭೈರಮ್ಮ ಬರುವಂತಿಲ್ಲ.

ದೀಪಾವಳಿಯಂದು ಅವಳು ಸೆರಗೊಡ್ಡಿ ಕಜ್ಜಾಯ ಹಾಕಿಸಿಕೊಂಡಳು. ನೀರು ಬೇಕಾ ಎಂದು ದಿವ್ಯ ಕೇಳಿದಳು. ಅವಳ ಕೈಯಲ್ಲಿ ಚೊಂಬಿತ್ತು.

"ಹಳ್ಳದಲ್ಲಿ ಕುಡ್ಕಂಡೇ ಬಂದೆ ಅಮ್ಮ" ಎಂದಳು ಭೈರಮ್ಮ.