ನೋಡದೆ ಬರೆಯದ ನೇಮಣ್ಣ ಕಾಕಾ

ಕಂಪ್ಯೂಟರಿನ ಪರದೆ ತಾನೇ ಬೆಳಗುತ್ತಿದ್ದರೂ ನೇಮಣ್ಣ ಕಾಕಾ ಅದರ ಮೇಲೆ ಬ್ಯಾಟರಿಯ ಬೆಳಕು ಬಿಟ್ಟೇ ಓದುತ್ತಿದ್ದರು. ಎರಡು ಪೆನ್ಸಿಲ್ ಸೆಲ್ಲಿನ ಸಣ್ಣ ಬ್ಯಾಟರಿ. ಅದರ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡು, ಅದರಡಿ ನಾಲ್ಕು ಮಡಿಕೆಯ ಒಂದು ಚೀಟಿ. ಬೆಳಕಿನ ಪುಟ್ಟ ವೃತ್ತ ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ಅದು ನಿಂತಲ್ಲಿ ಅವರ ತುಟಿಯೂ ನಿಲ್ಲುತ್ತಿತ್ತು.

“ನೇಮಣ್ಣಾ, ಅದು ಮೀಟರ್ ಅಲ್ಲೋ, ಕಂಪ್ಯೂಟರ್,” ಎಂದು ನಮ್ಮ ಮಾಮಾ ಗಲ್ಲಾದ ಹಿಂದಿನಿಂದ ಕೆಣಕುತ್ತಿದ್ದರು.

“ಮೂವತ್ತ ವರ್ಷ ಕತ್ತಲ್ಯಾಗ ನೋಡಿದ ಕಣ್ಣೋ ಇವು. ಬ್ಯಾಟರಿ ಬಿಡದ ಯಾವುದನ್ನೂ ನಂಬೂದಿಲ್ಲ.”

ಮೂವತ್ತು ವರ್ಷ ಅವರು ಮನೆಮನೆಯ ಕರೆಂಟಿನ ಮೀಟರ್ ಓದಿದ್ದರು. ಮೊದಲು ಹುಕ್ಕೇರಿ, ಆಮೇಲೆ ಮೂಡಲಗಿ, ಕೊನೆಗೆ ಗೋಕಾಕ. ನಿವೃತ್ತರಾದ ಮೇಲೆ ಗೋಕಾಕದಲ್ಲೇ ಉಳಿದರು. ನಾನು ಆಗ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು, ನೌಕರಿಗೆ ಅರ್ಜಿ ಹಾಕುತ್ತ, ಮಾಮಾನ ಇಂಟರ್ನೆಟ್ ಅಂಗಡಿಯಲ್ಲಿ ಕೂರುತ್ತಿದ್ದೆ. ಆರು ಕಂಪ್ಯೂಟರು, ಅವುಗಳ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಕರೆಂಟು ಹೋದಾಗಲೆಲ್ಲ ಕೂಗುವ ಯು.ಪಿ.ಎಸ್. ಪೆಟ್ಟಿಗೆ. ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ. ಬಂದರೂ ಎರಡು ಸಾಲಿರುತ್ತಿತ್ತು.

ಬ್ಲಾಗ್ ಎಂಬ ಮಾತು ಊರಿಗೆ ಹೊಸದಾಗಿದ್ದ ದಿನಗಳವು. ಕಾಕಾ ಪೆನ್ಶನ್ನಿನ ಯಾವುದೋ ಫಾರ್ಮು ತುಂಬಿಸಲು ಬಂದವರು ನನ್ನ ಪರದೆಯ ಮೇಲಿದ್ದ ಕನ್ನಡ ಕಂಡು ನಿಂತರು.

“ಇದನ್ನ ಯಾರ ಬರದಾರವ್ವಾ?”

“ಯಾರೋ ಒಬ್ಬರ‍್ರಿ ಕಾಕಾ. ಯಾರ ಬೇಕಾದ್ರೂ ಬರೀಬಹುದು.”

“ಓದಿದವ್ರಿಗೆ ಏನರ ಅನ್ನೂದಿದ್ರ?”

“ಕೆಳಗ ಜಾಗಾ ಇರತೈತ್ರಿ. ಅಲ್ಲೇ ಬರೀತಾರ. ಮ್ಯಾಲ ಬರದವ್ರು ಅದಕ್ಕ ಉತ್ತರಾ ಕೊಡ್ತಾರ.”

ಅವರನ್ನು ಹಿಡಿದದ್ದು ಆ ಕೆಳಗಿನ ಜಾಗವೇ. ಮೂವತ್ತು ವರ್ಷ ಪ್ರತಿ ಬಾಗಿಲಲ್ಲೂ ಅವರು ಹೇಳಿದ್ದು ಒಂದೇ ವಾಕ್ಯ, ‘ಮೀಟರ್ ನೋಡಾಕ ಬಂದೇನ್ರಿ’. ಅದಕ್ಕೆ ಮನೆಯವರ ಉತ್ತರವೂ ಒಂದೇ, ‘ನೋಡ್ಕೋರಿ’. ಆಡದೆ ಉಳಿದ ಮಾತು ಬಹಳ ಇತ್ತು. ಮುಂದಿನ ವಾರ ಅವರು ಅದೇ ವಾಕ್ಯವನ್ನು ಹೆಸರಾಗಿಟ್ಟು ಬ್ಲಾಗ್ ತೆಗೆಸಿದರು. ಅವರು ಹೇಳುವುದು, ನಾನು ಟೈಪ್ ಹೊಡೆಯುವುದು. “ನಾ ಅಂದಂಗ ಹೊಡಿ, ತಿದ್ದಬ್ಯಾಡ,” ಎನ್ನುವುದು ಅವರ ಒಂದೇ ಷರತ್ತು.

ಬರೆಸಿದ್ದೆಲ್ಲ ಮೀಟರುಗಳ ಕತೆ. ಹುಕ್ಕೇರಿಯ ಒಂದು ಮನೆಯಲ್ಲಿ ಮೀಟರು ಜೋಳದ ಚೀಲಗಳ ಹಿಂದಿತ್ತು. ಸುಗ್ಗಿಯಿಂದ ಯುಗಾದಿವರೆಗೆ ಅದನ್ನು ಓದಬೇಕಾದರೆ ಚೀಲದ ಮೇಲೆ ಬೋರಲು ಮಲಗಬೇಕಾಗಿತ್ತು. ಮೂಡಲಗಿಯ ಅಜ್ಜಿಯೊಬ್ಬಳು ಮೀಟರಿನ ಗಾಜು ಕಾಣದಷ್ಟು ಕುಂಕುಮ ಹಚ್ಚಿ, ಒರೆಸಲು ಹೋದರೆ “ದೇವರ ಮಾರಿ ಒರಸ್ತೀಯೇನೋ?” ಎಂದು ಬಡಿಗೆ ಎತ್ತುತ್ತಿದ್ದಳು. ಇಂಥವನ್ನು ಆ ಊರುಗಳಿಂದ ಹೊರಗೆ ಹೋದವರು ಎಲ್ಲೆಲ್ಲಿಂದಲೋ ಹುಡುಕಿ ಓದಿದರು. ಓದಿ, ಕೆಳಗಿನ ಜಾಗದಲ್ಲಿ ತಮ್ಮ ಮನೆಗಳನ್ನು ಕೇಳತೊಡಗಿದರು.

ಮೊದಲ ಪ್ರಶ್ನೆ ಹುಬ್ಬಳ್ಳಿಯ ಒಬ್ಬರದು. ಹುಕ್ಕೇರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಬಾಗಿಲು ನೀಲಿ, ಮೀಟರು ಮೆಟ್ಟಿಲ ಕೆಳಗೆ, ಈಗಲೂ ಹಾಗೇ ಇದೆಯೇ? ನಾನು ‘ಓದಿದ್ದಕ್ಕೆ ಧನ್ಯವಾದ’ ಎಂದು ಹೊಡೆಯಲು ಬೆರಳು ಇಟ್ಟಿದ್ದೆ. ಕಾಕಾ ಚೀಟಿ ಬಿಚ್ಚಿ ವಿಳಾಸ ಬರೆದುಕೊಂಡು ಮತ್ತೆ ಮಡಿಸಿದರು. ಮರುದಿನ ಅವರು ಬರಲಿಲ್ಲ. ಅದರ ಮರುದಿನ ಬಂದು ಹೊಡೆಸಿದರು: ‘ನಿನ್ನಿ ಹೋಗಿದ್ನಿ. ಬಾಗಲಾ ಹಸರ ಆಗೈತಿ. ಮೀಟರ್ ಹೊರಗ ಬಂದೈತಿ. ಮೆಟ್ಟಲ ಕೆಳಗ ಈಗ ಒಂದು ಸೈಕಲ್ ಐತಿ. ಮನಿಯವ್ರು ಚಾ ಕೊಟ್ರು.’

ಅದೇ ರೂಢಿಯಾಯಿತು. ನೋಡದೆ ಉತ್ತರವಿಲ್ಲ. ಗೋಕಾಕ ಫಾಲ್ಸಿನಲ್ಲಿ ಬೆಳೆದವರೊಬ್ಬರು, ಮಿಲ್ಲಿನ ಭೋಂಗಾದ ಕೂಗು ಜಲಪಾತದ ಸದ್ದಿನಲ್ಲಿ ಕೇಳಿಸುತ್ತದೆಯೇ ಎಂದು ಕೇಳಿದರೆ ಪಾಳಿ ಬಿಡುವ ಹೊತ್ತಿಗೆ ಹೋಗಿ ನಿಂತು ಬಂದರು. ಮಳೆಗಾಲದಲ್ಲಿ ಕೇಳಿಸದು, ಬೇಸಿಗೆಯಲ್ಲಿ ಮತ್ತೆ ಹೋಗಿ ಹೇಳುತ್ತೇನೆ ಎಂದು ಬರೆಸಿದರು. ಇನ್ನೊಬ್ಬರು ಕೇಳಿದ ಮನೆ ನೋಡಲು ಧುಪದಾಳಕ್ಕೆ ಹೋದಾಗ ಅದಕ್ಕೆ ಬೀಗವಿತ್ತು. ‘ಬಾಗಲಕ್ಕ ಕೀಲಿ. ಮತ್ತ ಹೋಗ್ತೇನಿ’ ಎಂದಷ್ಟೇ ಹೊಡೆಸಿದರು. ಮೀಟರ್ ಬುಕ್ಕಿನಲ್ಲೂ ಹಾಗೆಯೇ ಬರೆಯುವುದಂತೆ.

“ನಿಂದೇನು ಬ್ಲಾಗೋ, ಬಸ್ ಸ್ಟ್ಯಾಂಡೋ?” ಎಂದು ಮಾಮಾ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಪ್ರಶ್ನೆಗಳು ಹೆಚ್ಚಾದಂತೆ ಉತ್ತರಗಳು ವಾರಗಟ್ಟಲೆ ಹಿಂದೆ ಬಿದ್ದವು. ಕೇಳಿದವರು ಮತ್ತೆ ಕೇಳುತ್ತಿದ್ದರು, ಅದನ್ನೆಲ್ಲ ದಿನವೂ ಮೊದಲು ಓದುವವಳು ನಾನು. ಒಮ್ಮೆ ಹೇಳಿಯೇ ಬಿಟ್ಟೆ:

“ಕಾಕಾ, ಎಲ್ಲಾರಿಗೂ ಧನ್ಯವಾದ ಅಂತ ಹಾಕಿದ್ರ ಸಾಕ್ರಿ. ಉಳದ ಬ್ಲಾಗಿನವ್ರೆಲ್ಲಾ ಹಂಗ ಮಾಡ್ತಾರ.”

“ಧನ್ಯವಾದ ಅನ್ನೂದು ಮಿನಿಮಮ್ ಬಿಲ್ ಇದ್ದಂಗವ್ವಾ. ಬಾಗಲಾ ತಗದು ನೋಡದಿದ್ರೂ ಬರತೈತಿ.”

ಆಮೇಲೆ, ನಾನು ಕೇಳದೆಯೇ, ಮೂಡಲಗಿಯ ಸಂಗತಿ ಹೇಳಿದರು. ಅಲ್ಲಿಗೆ ವರ್ಗವಾಗಿ ಹೋದ ಹೊಸತು. ಒಂದು ಮಧ್ಯಾಹ್ನ ಬಿಸಿಲಿಗೆ ಬೇಸತ್ತು, ಚಹಾದಂಗಡಿಯಲ್ಲಿ ಕುಳಿತು, ಇಡೀ ಓಣಿಯ ರೀಡಿಂಗನ್ನು ಅಂದಾಜಿನ ಮೇಲೆ ಬರೆದುಬಿಟ್ಟಿದ್ದರು. ಆ ಓಣಿಯ ಒಂದು ಮನೆಯಲ್ಲಿ ಮೀಟರಿನ ವೈರು ಸುಲಿದು ಎಮ್ಮೆ ಕಟ್ಟುವ ಗೋದಲಿಯ ತಗಡಿಗೆ ತಾಗಿತ್ತು. ನಾಲ್ಕು ದಿನದ ಮೇಲೆ ಆ ಮನೆಯ ವಿಧವೆಯ ಎಮ್ಮೆ ಕರೆಂಟು ಹೊಡೆದು ಸತ್ತಿತು.

“ನಾ ಹೋಗಿದ್ರ ಕಾಣ್ತಿತ್ತು. ಬ್ಯಾಟರಿ ಬಿಟ್ಟ ಕೂಡ್ಲೆ ಕಾಣ್ತಿತ್ತು.”

“ಯಾರಿಗೂ ಗೊತ್ತಾಗಲಿಲ್ಲೇನ್ರಿ?”

“ಕ್ಷಮಾವಾಣಿ ದಿನ ನಾನ ಹೋಗಿ ಹೇಳಿದ್ನಿ ಆಕಿಗೆ.”

ಕಾಕಾ ಜೈನರು. ಭಾದ್ರಪದದ ಹತ್ತು ದಿನದ ವ್ರತ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕಂಡವರೆಲ್ಲರ ಕ್ಷಮೆ ಕೇಳುವ ದಿನ ಅದು.

“ಏನಂದ್ರು ಅವ್ರು?”

“‘ಏನ ಅನ್ನಲೆಪಾ, ಬಂದೀಯಲ್ಲ, ಮೀಟರ್ ನೋಡ್ಕೊಂಡ ಹೋಗು’ ಅಂದ್ಲು. ನೋಡ್ಕೊಂಡ ಬಂದ್ನಿ.”

ಅಷ್ಟು ಹೇಳಿ ಎದ್ದರು. ಎದುರಿನ ಔಷಧಿ ಅಂಗಡಿಯ ಬೋರ್ಡಿನಿಂದ ಬಿಸಿಲು ಜಾರಿತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು ಅವರು; ಬಿಸಿಲು ಆ ಬೋರ್ಡು ಬಿಟ್ಟರೆ ವಾಕ್ಯದ ನಡುವೆಯೂ ಏಳುತ್ತಿದ್ದರು. “ಉಳದದ್ದು ನಾಳಿ.”

ಎರಡನೆಯ ಮಳೆಗಾಲದಲ್ಲಿ ಇಚಲಕರಂಜಿಯಿಂದ ಶೋಭಾ ಎಂಬವರು ಬರೆದರು. ಅವರ ತವರು ಮೇಲವಂಕಿ. ತಾಯಿಯನ್ನು ಈಗ ತಾವೇ ನೋಡಿಕೊಳ್ಳುತ್ತಿದ್ದಾರೆ. ಮೇಲವಂಕಿಯ ಮನೆಯ ಮುಂದೆ ದನಕ್ಕೆ ನೀರು ಕುಡಿಸುವ ಕಲ್ಲಿನ ಬಾನಿಯೊಂದಿತ್ತು. ತಾಯಿ ಮದುವೆಯಾಗಿ ಬಂದ ದಿನದಿಂದ ಅದನ್ನು ತುಂಬಿದವರು. ಈಗ ಅವರಿಗೆ ನೆನಪು ತಪ್ಪುತ್ತಿದೆ. ಮಕ್ಕಳ ಹೆಸರು ಕೇಳುವುದಿಲ್ಲ, ಬಾನಿ ಇದೆಯೋ ಒಡೆಯಿತೋ ಎಂದು ದಿನವೂ ಕೇಳುತ್ತಾರೆ. ಅದು ಇದೆ ಎಂದು ಗೊತ್ತಾದರೆ ನೆಮ್ಮದಿಯಿಂದ ಉಣ್ಣುತ್ತಾರೇನೋ. ನೋಡಿ ಹೇಳುತ್ತೀರಾ?

ಕಾಕಾ ಚೀಟಿಯಲ್ಲಿ ಬರೆದುಕೊಂಡರು. ಆದರೆ ಅವರ ಮೊಣಕಾಲು ಬಾತು, ಎಂಟು ದಿನ ಅಂಗಡಿಗೂ ಬರಲಾಗಲಿಲ್ಲ. ಶೋಭಾ ಮತ್ತೆ ಬರೆದರು. ಮೂರನೆಯ ಸಲವೂ ಬರೆದರು, ‘ಅವ್ವ ನಿನ್ನೆ ಏನೂ ಉಣ್ಣಲಿಲ್ಲ’. ಆ ದಿನ ನನ್ನ ಅರ್ಜಿಯೊಂದಕ್ಕೂ ಎರಡು ಸಾಲಿನ ಉತ್ತರ ಬಂದಿತ್ತು. ಕರೆಂಟು ಮೂರು ಸಲ ಹೋಗಿತ್ತು. ಕಾಕಾನ ಪಾಸ್‌ವರ್ಡ್ ನನ್ನ ಬಳಿಯೇ ಇತ್ತು. ಅವರ ಹೆಸರಿನಲ್ಲಿ, ಅವರ ಮಾತಿನಲ್ಲೇ ಹೊಡೆದೆ: ‘ಬಾನಿ ಐತಿ. ನೋಡಿ ಬಂದೇನಿ.’ ನಾಲ್ಕು ಪದ. ಹೊಡೆದ ಮೇಲೆ ಹಗುರವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆಯೊಳಗೆ ಶೋಭಾ ಅವರ ಉತ್ತರ ಬಂತು. ‘ಅವ್ವನಿಗೆ ಓದಿ ಹೇಳಿದೆ, ಎರಡು ರೊಟ್ಟಿ ಉಂಡಳು, ಆಮೇಲೆ ಬಾನಿಗೆ ನೀರು ಹಾಕಿದೆಯಾ ಎಂದು ನನ್ನನ್ನು ಬೈದಳು’ ಎಂದಿತ್ತು ಅದರಲ್ಲಿ.

ಮೂರು ದಿನದ ಮೇಲೆ ಕಾಕಾ ಕೋಲೂರಿಕೊಂಡು ಬಂದರು. ಬ್ಯಾಟರಿಯ ಬೆಳಕು ಮೇಲಿನಿಂದ ಕೆಳಗೆ ಇಳಿದು ನನ್ನ ನಾಲ್ಕು ಪದಗಳ ಮೇಲೆ ನಿಂತಿತು.

“ಇದನ್ನ ನಾ ಯಾವಾಗ ಬರಸಿದ್ನಿ?”

“ನಾ ಬರದೇನ್ರಿ ಕಾಕಾ.”

“ನೀ ಹೋಗಿದ್ದೇನು?”

“ಇಲ್ರಿ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರವಿತ್ತು. ಬ್ಯಾಟರಿ ಆರಿಸಿ ಕಿಸೆಗೆ ಹಾಕಿಕೊಂಡು, “ಇದ್ರೂ ಇರಬಹುದು,” ಎಂದು ಹೊರಟರು. ಮರುದಿನ ಆ ಕಾಲಿನಲ್ಲೇ ಮೇಲವಂಕಿಗೆ ಹೋಗಿ ಬಂದರು. ಬಾನಿ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಕಿತ್ತಿದ್ದರು, ಎಲ್ಲಿ ಹೋಯಿತೆಂದು ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ.

“ಹಂಗ ಬಿಡ್ರಿ ಕಾಕಾ. ಅವ್ರ ಅವ್ವ ಉಣ್ಣಾಕತ್ತಾರಲ್ಲ.”

“ಉಣ್ಣಲಿ. ಆದ್ರ ಕೇಳಿದಾಕಿ ಮಗಳು. ಹೊಡಿ.”

ಅವರು ಹೇಳಿದರು, ನಾನು ಹೊಡೆದೆ. ‘ತಂಗಿ ಶೋಭಾ, ಮೊದಲ ಬರದದ್ದು ತಪ್ಪು. ಆವಾಗ ನಾ ನೋಡಿರಲಿಲ್ಲ. ನಿನ್ನಿ ನೋಡಿ ಬಂದೇನಿ. ಬಾನಿ ಇಲ್ಲ. ನನ್ನ ಕ್ಷಮಾ ಮಾಡು.’

‘ನಾ’ ಎಂಬಲ್ಲಿ ನನ್ನ ಬೆರಳು ನಿಂತಿತ್ತು. “ನಿಮ್ಮ ತಪ್ಪ ಅಲ್ರಿ ಇದು. ನಿಮ್ಮ ಹೆಸರ ಯಾಕ?”

“ಬುಕ್ಕಿನ ಮ್ಯಾಲ ಯಾರ ಹೆಸರ ಇರತೈತಿ, ರೀಡಿಂಗ್ ಅವಂದ. ಹೊಡಿಯವ್ವಾ.”

ಶೋಭಾ ಮತ್ತೆ ಬರೆಯಲಿಲ್ಲ. ಕಾಕಾ ಬಂದ ಕೂಡಲೇ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದರು, “ಇಚಲಕರಂಜ್ಯಾಕಿ ಏನರ ಬರದಾಳೇನು?” ಇಲ್ರಿ ಎನ್ನುವುದು ನನ್ನ ದಿನದ ಮೊದಲ ಮಾತಾಯಿತು. ಆ ವರ್ಷದ ಕ್ಷಮಾವಾಣಿಯಂದು ಅವರು ಬೆಳಿಗ್ಗೆಯೇ ಬಂದು, ಕಾಮೆಂಟು ಬರೆದಿದ್ದ ಒಬ್ಬೊಬ್ಬರ ಕೆಳಗೂ ಬೇರೆಬೇರೆಯಾಗಿ ಕ್ಷಮೆ ಕೇಳಿ ಬರೆಸಿದರು: ತಡ ಮಾಡಿದ್ದಕ್ಕೆ, ಕೀಲಿ ಕಂಡು ಎರಡನೆಯ ಸಲ ಹೋಗದೆ ಉಳಿದದ್ದಕ್ಕೆ. ಎಲ್ಲರಿಗೂ ಒಂದೇ ವಾಕ್ಯ ಅಂಟಿಸುತ್ತೇನೆ ಎಂದರೆ ಒಪ್ಪಲಿಲ್ಲ. ಶೋಭಾ ಅವರಿಗೂ ಇನ್ನೊಮ್ಮೆ ಬರೆಸಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು.

“ನಿನಗೂ ಭಾಳ ತ್ರಾಸ ಕೊಟ್ಟೇನವ್ವಾ. ಕ್ಷಮಾ ಇರಲಿ.”

ಅದಕ್ಕೆ ತಿರುಗಿ ನಾನೂ ಕ್ಷಮೆ ಕೇಳಬೇಕೆಂದು ನನಗೆ ಗೊತ್ತಿತ್ತು. “ಇರಲಿ ಬಿಡ್ರಿ,” ಎಂದು ಪರದೆ ನೋಡಿದೆ.

ಚಳಿಗಾಲ ಹಿಡಿದ ಮೇಲೆ ಅವರು ಬರುವುದು ಕಡಿಮೆಯಾಯಿತು. ಕೊನೆಯ ಸಲ ಬಂದಾಗ ಬಿಸಿಲು ಆಗಲೇ ಬೋರ್ಡಿನ ಅಂಚಿಗೆ ಬಂದಿತ್ತು. ನಿಂತೇ ಹೇಳಿದರು: ‘ತಂಗಿ ಶೋಭಾ, ಮೇಲವಂಕಿ ಹಳ್ಳದ ದಂಡಿ ತ್ವಾಟದಾಗ ಒಂದು ಕಲ್ಲಬಾನಿ ಐತಿ ಅಂತ ಬಸ್ಸಿನ್ಯಾಗ ಒಬ್ರು ಅಂದ್ರು. ನಾ ಇನ್ನೂ…’ ಅಷ್ಟರಲ್ಲಿ ಹೊರಗೆ ನೋಡಿದರು. “ಉಳದದ್ದು ನಾಳಿ. ಹಂಗೂ ನೋಡಿ ಬಂದ ಮ್ಯಾಲ ಹಾಕೂಣು.” ಅದು ಪ್ರಕಟವಾಗದೆ ಅಲ್ಲೇ ಉಳಿಯಿತು. ನಾಲ್ಕನೆಯ ದಿನ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕುಳಿತವರು ಏಳಲಿಲ್ಲ. ಮಾಮಾ ಅಂತ್ಯಕ್ರಿಯೆಗೆ ಹೋಗಿ ಬಂದು, ಅಂಗಡಿಯಲ್ಲಿ ಅವರ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಇಟ್ಟರು. ಅಂದು ಯಾರನ್ನೂ ಕೆಣಕಲಿಲ್ಲ.

ಹದಿನೈದು ದಿನ ನಾನು ಆ ಬ್ಲಾಗ್ ತೆರೆಯಲಿಲ್ಲ. ಹದಿನಾರನೆಯ ಸಂಜೆ ತೆರೆದಾಗ ಶೋಭಾ ಅವರ ಕಾಮೆಂಟು ಇತ್ತು.

‘ಕಾಕಾ, ಇಷ್ಟು ದಿನ ಸಿಟ್ಟಿನಲ್ಲಿದ್ದೆ, ಅದಕ್ಕೇ ಬರೆಯಲಿಲ್ಲ. ನಿಮ್ಮ ಎರಡನೆಯ ಉತ್ತರವನ್ನು ಅವ್ವನಿಗೆ ಓದಿ ಹೇಳಿಲ್ಲ. ಅವಳು ಮೊದಲನೆಯದರಲ್ಲೇ ಇದ್ದಾಳೆ, ಇರಲಿ. ಆದರೆ ದಿನವೂ ಅವಳೆದುರು ಬಾನಿ ಇದೆ ಎನ್ನುವವಳು ನಾನು. ನನಗಾದರೂ ಅದು ಎಲ್ಲಿ ಹೋಯಿತೆಂದು ಗೊತ್ತಿರಬೇಕು. ಸಿಕ್ಕರೆ ನೋಡಿ ಹೇಳಿ. ನೀವು ನೋಡಿದೆ ಅಂದರೆ ನಂಬುತ್ತೇನೆ.’

ಪಾಸ್‌ವರ್ಡ್ ಇನ್ನೂ ನನ್ನ ಬಳಿ ಇತ್ತು. ಅವರ ಮಾತು ಬರೆಯಲು ನನಗೆ ಬರುತ್ತಿತ್ತು. ಕಂಪ್ಯೂಟರು ಆರಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮೇಲವಂಕಿಗೆ ಹೋದೆ. ಹಳ್ಳದ ದಂಡೆಯ ತೋಟ ಸಿಕ್ಕಿತು. ಸುತ್ತ ಮುಳ್ಳುಬೇಲಿ, ತಗಡಿನ ಗೇಟಿಗೆ ಬೀಗ. ಬೇಲಿಯ ಸಂದಿಯಿಂದ ನೋಡಿದೆ. ಕಬ್ಬು ಬಿಟ್ಟರೆ ಏನೂ ಕಾಣಲಿಲ್ಲ. ಒಂದು ತಾಸು ಕಾದೆ, ಯಾರೂ ಬರಲಿಲ್ಲ. ತಿರುಗಿ ಬಂದು ಅಂಗಡಿಯ ಬಾಗಿಲು ತೆಗೆದು ಶೋಭಾ ಅವರ ಕಾಮೆಂಟಿನ ಕೆಳಗೆ ಬರೆದೆ. ಕಾಕಾ ಇಲ್ಲ ಎಂದು ಬರೆದೆ. ಬಾನಿ ಇದೆ ಎಂದು ನೋಡದೆ ಬರೆದವಳು ನಾನು, ಅವರಲ್ಲ, ಎಂದು ಬರೆದೆ. ಆಮೇಲೆ, ‘ತೋಟಕ್ಕೆ ಕೀಲಿ ಇತ್ತು. ಮತ್ತೆ ಹೋಗುತ್ತೇನೆ.’ ಕೆಳಗೆ ನನ್ನ ಹೆಸರು ಹಾಕಿದೆ.