ಹೂಬುಟ್ಟಿಯೊಳಗಿನ ಕೀ

ಕಳ್ಳ ನಾನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊರವರ ದನಿಯೆಲ್ಲ ಅಣಕಿಸಲು ಬರುವ ನನಗೆ ಅವರ ಬುದ್ಧಿ ಮಾತ್ರ ಅಣಕಕ್ಕೂ ಬಂದಿಲ್ಲ.

ಚನ್ನರಾಯಪಟ್ಟಣದಲ್ಲಿ ಮಿಕ್ಸಿ ರಿಪೇರಿ ಮಾಡುತ್ತಿದ್ದ ಒಬ್ಬ ಅಣ್ಣ ಎರಡು ಊರುಗೋಲಿನ ಮೇಲೆ ನಡೆಯುತ್ತಿದ್ದ. ದೂರದ ಬಾಗೂರಿನಿಂದ ದಿನಾ ಬರುತ್ತಿದ್ದುದು ಹಿಂದೆ ಎರಡು ಚಕ್ರ ಕೂರಿಸಿದ್ದ ಬೈಕಿನಲ್ಲಿ. ಬಗ್ಗಿ ಬೀಗ ಹಾಕಲು ಅವನಿಂದ ಆಗುತ್ತಿರಲಿಲ್ಲ. ಅದಕ್ಕೇ ಎದುರಿನ ಹೂವಿನಕ್ಕ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದು, ಕೀಯನ್ನು ತನ್ನ ಬುಟ್ಟಿಯ ಒದ್ದೆ ಬಟ್ಟೆಯಡಿ ಇಡುತ್ತಿದ್ದಳು. ಅವನು ಅಂಗಡಿಯೊಳಗಿಂದ ಗಳಿಗೆಗೊಮ್ಮೆ, "ಅಕ್ಕಾ, ಗಾಡಿ ಐತಾ?" ಎನ್ನುವನು. "ಐತೆ ಕಣಪ್ಪಾ" ಎಂದ ಮೇಲೇ ಅವನ ಸ್ಕ್ರೂಡ್ರೈವರ್ ತಿರುಗುತ್ತಿತ್ತು.

ಒಂದು ದಿನ ಒಳಗೆ ಮಿಕ್ಸಿ ಗುರ್ರೆನ್ನುತ್ತಿದ್ದಾಗ, ಬಾಗಿಲ ಮರೆಯಿಂದ ಅವನದೇ ದನಿಯಲ್ಲಿ, "ಅಕ್ಕಾ, ಆ ಹೈದನ ಕೈಗೆ ಕೀ ಕೊಡು" ಎಂದೆ. ಆಮೇಲೆ ಏನೂ ಅರಿಯದವನಂತೆ ಅವಳೆದುರು ಹೋಗಿ ಕೈಚಾಚಿದೆ, ಕೊಟ್ಟಳು. ಗಾಡಿಯನ್ನು ಹಿಂದಿನ ಗಲ್ಲಿಗೆ ತಳ್ಳಿ ಬಂದೆ.

"ಅಕ್ಕಾ, ಗಾಡಿ ಐತಾ?"

"ನೀನೇ ಕೀ ಕೊಡ್ಸಿದ್ಯಲ್ಲಪ್ಪಾ!"

ಅವನು ಹೊರಬಂದು ನೆಲದಲ್ಲಿದ್ದ ಸರಪಳಿ ನೋಡಿದ. ಊರುಗೋಲು ನಡುಗಿ ಕಲ್ಲಿಗೆ ಟಕಟಕ ಬಡಿಯತೊಡಗಿತು. ನಗಬೇಕಿದ್ದ ನಾನು ಹೆದರಿ ಗಲ್ಲಿಗೆ ಓಡಿದೆ. ಗಾಡಿ ಅಲ್ಲಿರಲಿಲ್ಲ! ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ. ಹುಚ್ಚನಂತೆ ಹುಡುಕಿದೆ. ಕೊನೆಗೆ ಒಂದು ಗೋದಾಮಿನಲ್ಲಿ ಸಿಕ್ಕಿತು. ಲಾರಿಗೆ ಅಡ್ಡವಾಗುತ್ತದೆಂದು ಹಮಾಲರು ಒಳಕ್ಕೆ ತಳ್ಳಿದ್ದರು.

ತಂದು ನಿಲ್ಲಿಸಿ, "ತಮಾಷೆಗೆ ಮಾಡ್ದೆ ಕಣಣ್ಣಾ" ಎಂದೆ. ಅವನು ಗಾಡಿಗೆ ಒರಗಿ, ಎರಡೂ ಊರುಗೋಲನ್ನು ನನ್ನ ಕಡೆ ಚಾಚಿದ.

"ನನ್ ದನಿ ಚೆನ್ನಾಗ್ ಮಾಡ್ತೀಯ ಕಣ್ಲಾ. ತಗೋ, ಬಾಗೂರ್ ಗಂಟ ನನ್ನಂಗೆ ನಡ್ಕಂಡೋಗು."